ಹಣ ಕೊಟ್ಟು ಕೊಂಡ ಪ್ಲಗಿನ್: ಗಿರಾಕಿಯ ಗುರುತು ಸರಿ, ಸರಕಿನ ಗುರುತು ಎಲ್ಲಿ?

ಜನವರಿ ತಿಂಗಳು, ತೊಗರಿಯ ಆವಕ ಜೋರಾಗಿದ್ದ ದಿನಗಳು. ಕಲಬುರಗಿಯ ನೆಹರು ಗಂಜ್‌ನ ಬೇಳೆ ವ್ಯಾಪಾರಿಯೊಬ್ಬರು ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿ ಅಂಗಡಿಗೆ ಬರಹೇಳಿದರು. ಗೂಗಲ್‌ನಲ್ಲಿ ಅಂಗಡಿಯ ಹೆಸರು ಹುಡುಕಿ ಒತ್ತಿದರೆ ಜೂಜಾಟದ ತಾಣ ತೆರೆದುಕೊಳ್ಳುತ್ತದೆ ಎಂದು ಹೈದರಾಬಾದಿನ ಹಳೆಯ ಗಿರಾಕಿಯೊಬ್ಬರು ಅವರಿಗೆ ತಿಳಿಸಿದ್ದರು. ಸಾಹುಕಾರರ ಮಗ ಗಲ್ಲಾಪೆಟ್ಟಿಗೆಯ ಪಕ್ಕದ ಕಂಪ್ಯೂಟರ್‌ನಲ್ಲಿ ವಿಳಾಸ ಟೈಪ್ ಮಾಡಿ ತೋರಿಸಿದ. ತಾಣ ಎಂದಿನಂತೆಯೇ ಇತ್ತು: ಬೇಳೆಯ ಚಿತ್ರ, ಗಿರಣಿಯ ಫೋಟೊ, ದರ ಕೇಳಲು ಒಂದು ಫಾರ್ಮ್. ನಾನು ನನ್ನ ಮೊಬೈಲ್ ತೆಗೆದು ಗೂಗಲ್ ಮೂಲಕವೇ ಹೋದೆ. ಬೇಳೆಯ ಚಿತ್ರ ಅರೆಕ್ಷಣ ಕಾಣಿಸಿ ಮಾಯವಾಯಿತು. ಆ ಜಾಗದಲ್ಲಿ ಬೆಟ್ಟಿಂಗ್ ಪುಟ ಬಂದು ಕುಳಿತಿತು.

ಇಂಥ ಕಳ್ಳ ಕೋಡ್ ಮನೆಯವರ ಕಣ್ಣಿಗೆ ಬೀಳದಂತೆ ಬರೆದಿರುತ್ತಾರೆ. ವಿಳಾಸ ಟೈಪ್ ಮಾಡಿ ಬರುವವರು ಮಾಲೀಕರು, ಹುಡುಕಿಕೊಂಡು ಮೊಬೈಲ್‌ನಲ್ಲಿ ಬರುವವರು ಹೊರಗಿನವರು ಎಂಬ ಲೆಕ್ಕ ಅದಕ್ಕೆ ಗೊತ್ತು. ಹಾಗಾಗಿ ಎಷ್ಟು ದಿನದಿಂದ ಇದು ನಡೆದಿತ್ತೋ, ಎಷ್ಟು ಗಿರಾಕಿಗಳು ಹಿಂದಿರುಗಿದ್ದರೋ ಹೇಳುವಂತಿರಲಿಲ್ಲ.

ತಾಣ ಕಟ್ಟಲು ಬಳಸಿದ್ದ ವರ್ಡ್‌ಪ್ರೆಸ್ ತಂತ್ರಾಂಶದ ಡ್ಯಾಶ್‌ಬೋರ್ಡ್, ಎಂದರೆ ಮಾಲೀಕರ ನಿರ್ವಹಣೆಯ ಪುಟ, ತೆರೆದೆ. ತಾಣಕ್ಕೆ ಹೆಚ್ಚುವರಿ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶಗಳೇ ಪ್ಲಗಿನ್. ಉಚಿತ ಪ್ಲಗಿನ್‌ಗಳೆಲ್ಲ ಹೊಸ ಆವೃತ್ತಿಯಲ್ಲಿದ್ದವು. ಹಣ ಕೊಟ್ಟು ಕೊಂಡವು ಎರಡು. ಒಂದರ ಕೆಳಗೆ ಹಳದಿ ಪಟ್ಟಿಯಲ್ಲಿ ಸೂಚನೆ ಇತ್ತು: ಹೊಸ ಆವೃತ್ತಿ ಬಂದಿದೆ, ಆದರೆ ಈ ಪ್ಲಗಿನ್‌ಗೆ ಸ್ವಯಂಚಾಲಿತ ಅಪ್‌ಡೇಟ್ ಲಭ್ಯವಿಲ್ಲ. ಪರವಾನಗಿ ಮುಗಿದಾಗ ಕಾಣಿಸುವ ಮಾತು ಇದು. ಇನ್ನೊಂದು, ದರ ಕೇಳುವ ಫಾರ್ಮ್‌ನ ಪ್ಲಗಿನ್, ಏನನ್ನೂ ಹೇಳದೆ ಸುಮ್ಮನಿತ್ತು. ಅದರ ಪರವಾನಗಿಯ ಪುಟದಲ್ಲಿ ಹಸಿರು ಗುರುತು, ‘ಸಕ್ರಿಯ’ ಎಂಬ ಪದ, ಕೀ, ಎಂದರೆ ಕೊಂಡವರಿಗೆ ಕೊಡುವ ಪರವಾನಗಿಯ ಗುಪ್ತ ಸಂಕೇತ, ಇರುವ ಜಾಗದಲ್ಲಿ ಸಾಲಾಗಿ ನಕ್ಷತ್ರಗಳು. ನನಗೆ ಅನುಮಾನ ಬಂದದ್ದು ಆ ಸುಮ್ಮನಿರುವಿಕೆಯ ಮೇಲೆ. ಫೈಲ್ ತೆರೆದು ನೋಡಿದೆ. ಮಾರಾಟಗಾರರ ಸರ್ವರ್ ಅನ್ನು ಕೇಳಿ ಉತ್ತರ ಪಡೆಯಬೇಕಾದ ಜಾಗದಲ್ಲಿ ‘ಸಿಂಧು’ (ವ್ಯಾಲಿಡ್, ಪರವಾನಗಿ ಊರ್ಜಿತ) ಎಂದು ತಾನೇ ಉತ್ತರಿಸಿಕೊಳ್ಳುವ ಒಂದೇ ಒಂದು ಸಾಲು ಇತ್ತು. ಅದರ ಕೆಳಗೆ, ಓದಲಾಗದ ಅಕ್ಷರಗಳ ಒಂದು ಉದ್ದನೆಯ ಗಂಟು. ಜೂಜಿನ ಪುಟ ಬರುತ್ತಿದ್ದದ್ದು ಅಲ್ಲಿಂದ.

ಹಿಂದೆ ಈ ತಾಣ ನೋಡಿಕೊಳ್ಳುತ್ತಿದ್ದವರು ಪ್ಲಗಿನ್ ಅನ್ನು ತಮ್ಮ ಹೆಸರಿನಲ್ಲೇ ಕೊಂಡಿದ್ದರು. ಅವಧಿ ಮುಗಿದಾಗ ಹಣ ಕಟ್ಟಲಿಲ್ಲ. ಟೆಲಿಗ್ರಾಮ್ ಗುಂಪೊಂದರಲ್ಲಿ ಸಿಕ್ಕ ‘ನಲ್ಡ್’ ಪ್ರತಿಯನ್ನು, ಎಂದರೆ ಪರವಾನಗಿ ತಪಾಸಣೆಯನ್ನು ಕಿತ್ತುಹಾಕಿದ ಪ್ರತಿಯನ್ನು, ತಂದು ಹಾಕಿ ಕೈತೊಳೆದುಕೊಂಡರು. ಸಾಹುಕಾರರಿಗೆ ಇದರ ಸುಳಿವೇ ಇರಲಿಲ್ಲ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಮಾತು: “ತಮ್ಮಾ, ಒಂದು ಸಲ ದುಡ್ಡು ಕೊಟ್ಟ ಮೇಲೆ ಸರಕು ನನ್ನದೇ ಅಲ್ಲವೇ? ಮತ್ತೆ ಮತ್ತೆ ಕೀ ಯಾಕೆ ಕೇಳುತ್ತಾರೆ?”

ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೊಡಲು ಸ್ವಲ್ಪ ಒಳಗೆ ಇಳಿಯಬೇಕು.

2003ರ ಮೇ 27ರಂದು ಮೊದಲ ಆವೃತ್ತಿ ಕಂಡ ವರ್ಡ್‌ಪ್ರೆಸ್ ಇಂದು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚನ್ನು ನಡೆಸುತ್ತಿದೆ. ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜು, ಆಸ್ಪತ್ರೆ, ಲಾಡ್ಜ್, ಬೇಳೆ ಗಿರಣಿಗಳ ತಾಣಗಳಲ್ಲಿ ನನ್ನ ಕೈಗೆ ಬಂದವೂ ಬಹುಪಾಲು ಇದರಲ್ಲೇ ಕಟ್ಟಿದವು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನ ಭಂಡಾರದಲ್ಲಿ ಸುಮಾರು 60,000 ಉಚಿತ ಪ್ಲಗಿನ್‌ಗಳಿವೆ. ನಿಮ್ಮ ತಾಣ ದಿನಕ್ಕೆ ಎರಡು ಸಲ, ಸುಮಾರು 12 ಗಂಟೆಗೊಮ್ಮೆ, ತನ್ನಲ್ಲಿರುವ ಪ್ಲಗಿನ್‌ಗಳ ಪಟ್ಟಿಯನ್ನು ಅಲ್ಲಿಗೆ ಕಳುಹಿಸಿ ಹೊಸದೇನಾದರೂ ಇದೆಯೇ ಎಂದು ಕೇಳುತ್ತದೆ. ಉಚಿತವಾದುದಕ್ಕೆ ಯಾರೂ ಗುರುತು ಕೇಳುವುದಿಲ್ಲ. ಆದರೆ ಆ ಭಂಡಾರದಲ್ಲಿ ಹಣಕ್ಕೆ ಮಾರುವಂತಿಲ್ಲ. ಹಾಗಾಗಿ ಹಣದ ಪ್ಲಗಿನ್ ಮಾಡುವ ಪ್ರತಿಯೊಂದು ಕಂಪನಿಯೂ ತನ್ನದೇ ಅಪ್‌ಡೇಟ್ ಸರ್ವರ್ ಇಟ್ಟುಕೊಳ್ಳಬೇಕು. ತಾಣ ಪಟ್ಟಿ ಕಳುಹಿಸುವ ಹೊತ್ತಿಗೆ ಹಣದ ಪ್ಲಗಿನ್ ಮಧ್ಯೆ ಪ್ರವೇಶಿಸಿ, ತನ್ನ ಕಂಪನಿಗೆ ಬೇರೆಯಾಗಿ ವಿಚಾರಿಸಿ, ಬಂದ ಉತ್ತರವನ್ನು ಅದೇ ಪಟ್ಟಿಗೆ ಸೇರಿಸುತ್ತದೆ. ನೋಡುವವರಿಗೆ ಎಲ್ಲವೂ ಒಂದೇ ಅಂಗಡಿಯಿಂದ ಬಂದಂತೆ ಕಾಣುತ್ತದೆ. ನಿಜದಲ್ಲಿ ಹತ್ತು ಹಣದ ಪ್ಲಗಿನ್ ಇದ್ದರೆ ಹತ್ತು ಅಂಗಡಿ, ಹತ್ತು ಬೇರೆ ಬೇರೆ ಬೀಗ.

ಆ ವಿಚಾರಣೆಯಲ್ಲಿ ಹೋಗುವುದು ಮೂರು ಸಂಗತಿ: ಲೈಸನ್ಸ್ ಕೀ, ತಾಣದ ವಿಳಾಸ, ಈಗಿರುವ ಆವೃತ್ತಿಯ ಸಂಖ್ಯೆ. ಕೀ ತನ್ನದೇ, ಅವಧಿ ಇದೆಯೇ, ಎಷ್ಟು ತಾಣಗಳಿಗೆ ಕೊಂಡದ್ದು, ಎಷ್ಟರಲ್ಲಿ ಬಳಕೆಯಾಗಿದೆ ಎಂದು ಸರ್ವರ್ ತಾಳೆ ನೋಡುತ್ತದೆ. ಎಲ್ಲ ಸರಿಯಿದ್ದರೆ ಜಿಪ್ ಫೈಲ್‌ನ ವಿಳಾಸ ಕೊಡುತ್ತದೆ. ಇಲ್ಲವಾದರೆ ಹೊಸ ಆವೃತ್ತಿಯ ಸಂಖ್ಯೆ ಮಾತ್ರ ಹೇಳಿ ವಿಳಾಸದ ಜಾಗವನ್ನು ಖಾಲಿ ಬಿಡುತ್ತದೆ. ನಾನು ನೋಡಿದ ಹಳದಿ ಪಟ್ಟಿಯ ಸೂಚನೆ ಹುಟ್ಟುವುದು ಆ ಖಾಲಿ ಜಾಗದಿಂದ.

ಕೊಡುವ ವಿಳಾಸ ಕಾಯಂ ಆಗಿದ್ದರೆ ಯಾರಾದರೂ ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಮುಗಿಸುತ್ತಾರೆ. ಆದ್ದರಿಂದ ವಿಳಾಸದೊಳಗೇ ಅವಧಿಯ ಗಡಿ, ಸರ್ವರ್‌ಗೆ ಮಾತ್ರ ಗೊತ್ತಿರುವ ಗುಟ್ಟಿನಿಂದ ಲೆಕ್ಕ ಹಾಕಿದ ಒಂದು ಮುದ್ರೆ, ಇವೆರಡನ್ನೂ ಸೇರಿಸುತ್ತಾರೆ. ಅವಧಿ ಕಳೆದರೆ ಅದೇ ವಿಳಾಸದಲ್ಲಿ ಏನೂ ಸಿಗದು. ಒಳ್ಳೆಯ ಉಪಾಯವೇ. ಆದರೆ ಬರೆಯುವವರು ಒಂದು ಕಡೆ ಮೇಲಿಂದ ಮೇಲೆ ಎಡವುತ್ತಾರೆ. ತಾಣ ಆ ಉತ್ತರವನ್ನು ತನ್ನ ಡೇಟಾಬೇಸ್‌ನಲ್ಲಿ 12 ಗಂಟೆ ಇಟ್ಟುಕೊಳ್ಳುತ್ತದೆ. ವಿಳಾಸದ ಆಯಸ್ಸು ಒಂದೇ ಗಂಟೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಬಂದ ಉತ್ತರವನ್ನು ನಂಬಿ ಸಂಜೆ ಅಂಗಡಿ ಮುಚ್ಚುವ ಮುನ್ನ ‘ಅಪ್‌ಡೇಟ್’ ಒತ್ತಿದರೆ, ‘ಡೌನ್‌ಲೋಡ್ ವಿಫಲ, ಅನುಮತಿ ಇಲ್ಲ’ ಎಂಬ ಉತ್ತರ ಬರುತ್ತದೆ. ಹಣ ಕಟ್ಟಿದವನಿಗೇ ಬಾಗಿಲು ಹಾಕಿದಂತಾಯಿತು. ಎರಡು ಸಲ ಹೀಗಾದರೆ ಮೂರನೆಯ ಸಲ ಆತ ಒತ್ತುವುದೇ ಇಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗುಂಡಿ ಒತ್ತಿದ ಗಳಿಗೆಯಲ್ಲೇ ಹೊಸ ವಿಳಾಸ ಕೇಳಿ ಪಡೆಯುವಂತೆ ಬರೆಯುವುದು ಸರಿಯಾದ ದಾರಿ. ನಾಲ್ಕು ಸಾಲು ಹೆಚ್ಚು ಕೋಡ್ ಬೇಕು, ಅಷ್ಟೇ.

ಇನ್ನೊಂದು ತೊಡಕು ನಮ್ಮಂಥ ಊರುಗಳಿಗೇ ಹೆಚ್ಚು ತಟ್ಟುತ್ತದೆ. ವರ್ಡ್‌ಪ್ರೆಸ್‌ನ ಒಳಗಡಿಯಾರ ತಾನಾಗಿ ಓಡುವುದಿಲ್ಲ. ಯಾರಾದರೂ ತಾಣಕ್ಕೆ ಬಂದಾಗ ಅದು ಎಚ್ಚರಗೊಂಡು ಬಾಕಿ ಕೆಲಸ ನೋಡುತ್ತದೆ. ಯಾದಗಿರಿಯ ಒಂದು ಶಾಲೆಯ ತಾಣ ಬೇಸಿಗೆ ರಜೆಯಲ್ಲಿ ಹೇಗಿರುತ್ತದೆ ಎಂದು ಊಹಿಸಿ. ದಿನಗಟ್ಟಲೆ ಒಬ್ಬರೂ ಬರುವುದಿಲ್ಲ, ಅಪ್‌ಡೇಟ್‌ನ ವಿಚಾರಣೆಯೂ ನಡೆಯುವುದಿಲ್ಲ. ಫಲಿತಾಂಶದ ದಿನ ಸಾವಿರ ಜನ ಒಟ್ಟಿಗೆ ಬರುವ ಹೊತ್ತಿಗೆ ತಾಣ ಹಳೆಯ ತೂತುಗಳೊಂದಿಗೇ ತೆರೆದು ಕುಳಿತಿರುತ್ತದೆ.

ಈಗ ಸಾಹುಕಾರರ ಪ್ರಶ್ನೆಗೆ ಬರುತ್ತೇನೆ. ವರ್ಡ್‌ಪ್ರೆಸ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬರುತ್ತದೆ. ಅದರ ಮೇಲೆ ನಿಂತ ಪ್ಲಗಿನ್‌ಗಳ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಕಂಪ್ಯೂಟರ್ ಭಾಷೆ) ಕೋಡ್‌ಗೂ ಅದೇ ಅನ್ವಯಿಸುತ್ತದೆ ಎಂಬುದು ವರ್ಡ್‌ಪ್ರೆಸ್ ಯೋಜನೆಯ ನಿಲುವು. ದೊಡ್ಡ ಮಾರಾಟಗಾರರಲ್ಲಿ ಬಹುಪಾಲು ಇದನ್ನು ಒಪ್ಪಿದ್ದಾರೆ. ಎಂದರೆ ಕೊಂಡ ಪ್ರತಿ ನಿಜಕ್ಕೂ ಕೊಂಡವರದೇ. ಬಳಸಬಹುದು, ತಿದ್ದಬಹುದು, ಬೇರೆಯವರಿಗೆ ಕೊಡಲೂಬಹುದು. ವರ್ಷ ಕಳೆದ ಮಾತ್ರಕ್ಕೆ ಅದು ಕೆಲಸ ನಿಲ್ಲಿಸಬೇಕಾಗಿಲ್ಲ. ವರ್ಷ ವರ್ಷ ಕಟ್ಟುವ ಹಣ ಮುಂದಿನ ತಿದ್ದುಪಡಿಗಳಿಗೆ, ಸಹಾಯಕ್ಕೆ. ಲೈಸನ್ಸ್ ಕೀ ಕಾಯುತ್ತಿರುವುದು ಸರಕನ್ನಲ್ಲ, ಸರಕು ಬರುವ ದಾರಿಯನ್ನು.

ನನ್ನ ಆಕ್ಷೇಪ ಇರುವುದೂ ಈ ದಾರಿಯ ಬಗ್ಗೆಯೇ. ಈ ವ್ಯವಸ್ಥೆಯನ್ನು ‘ದೃಢೀಕೃತ ಅಪ್‌ಡೇಟ್’ ಎಂದು ಕರೆಯುತ್ತಾರೆ. ದೃಢೀಕರಣ ಯಾರದು? ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಯಂತ್ರ ನೋಡಿದ್ದೀರಿ. ಕಾರ್ಡು ಇವರದೇ ಹೌದೇ ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ. ಚೀಲದೊಳಗಿನ ಅಕ್ಕಿ ಎಂಥದು ಎಂಬುದರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಹಣದ ಪ್ಲಗಿನ್‌ಗಳ ವ್ಯವಸ್ಥೆ ಬಹುಮಟ್ಟಿಗೆ ಹೀಗೆಯೇ ಇದೆ. ಕೊಳ್ಳುವವನು ಯಾರು ಎಂದು ಮಾರುವವರು ನೂರು ಬಗೆಯಲ್ಲಿ ಪರೀಕ್ಷಿಸುತ್ತಾರೆ. ಬಂದ ಫೈಲ್ ನಿಜವಾಗಿಯೂ ಮಾರುವವರೇ ತಯಾರಿಸಿದ್ದೇ, ದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ಪರೀಕ್ಷಿಸುವ ಉಪಕರಣ ಕೊಳ್ಳುವವನ ಕೈಯಲ್ಲಿ ಇಲ್ಲ. ಒಂದೇ ಕಡೆಗೆ ತಿರುಗುವ ಬೀಗ ಇದು.

ಇದು ಬರಿಯ ಶಂಕೆಯಲ್ಲ. ಆ್ಯಕ್ಸೆಸ್‌ಪ್ರೆಸ್ ಥೀಮ್ಸ್ ಎಂಬ ನೇಪಾಳದ ಕಂಪನಿಯ ಜಾಲತಾಣಕ್ಕೆ 2021ರ ಸೆಪ್ಟೆಂಬರ್‌ನಲ್ಲಿ ಕನ್ನ ಬಿತ್ತು. ಅದರ 40 ಥೀಮ್ (ತಾಣದ ಸಿದ್ಧ ವಿನ್ಯಾಸ) ಮತ್ತು 53 ಪ್ಲಗಿನ್‌ಗಳ ಜಿಪ್ ಫೈಲ್‌ಗಳಿಗೆ ಹಿಂಬಾಗಿಲು ಸೇರಿಸಿದ್ದರು. 2022ರ ಜನವರಿಯಲ್ಲಿ ಜೆಟ್‌ಪ್ಯಾಕ್ ಎಂಬ ವರ್ಡ್‌ಪ್ರೆಸ್ ಪ್ಲಗಿನ್‌ನ ಸುರಕ್ಷತಾ ಸಂಶೋಧಕರು ವಿವರ ಹೊರಗಿಟ್ಟಾಗ ಗೊತ್ತಾದದ್ದು ಇದು: ವರ್ಡ್‌ಪ್ರೆಸ್ ಡಾಟ್ ಆರ್ಗ್‌ನ ಭಂಡಾರದಿಂದ ಇಳಿಸಿಕೊಂಡ ಪ್ರತಿಗಳು ಶುದ್ಧವಾಗಿದ್ದವು, ಕಂಪನಿಯ ಸ್ವಂತ ತಾಣದಿಂದ ಇಳಿಸಿಕೊಂಡವು ಕೆಟ್ಟಿದ್ದವು. ಅದೇ ಹೆಸರು, ಅದೇ ಕಂಪನಿ. ಗಿರಾಕಿ ಮೂಲ ಅಂಗಡಿಗೇ ಹೋಗಿದ್ದ, ಮೋಸ ಹೋಗಿದ್ದ.

ಮರುವರ್ಷವೇ ಅಲ್ಲ, ಅದೇ 2022ರ ಸೆಪ್ಟೆಂಬರ್‌ನಲ್ಲಿ ಮಜೆಂಟೊ ಎಂಬ ಅಂಗಡಿ ತಂತ್ರಾಂಶಕ್ಕೆ ವಿಸ್ತರಣೆಗಳನ್ನು ಮಾಡುವ ಫಿಶ್‌ಪಿಗ್ ಕಂಪನಿಯ ಸರ್ವರ್‌ಗೆ ಕನ್ನ ಬಿದ್ದದ್ದು ಬೆಳಕಿಗೆ ಬಂತು. ಕಳ್ಳ ಕೋಡ್ ಅಡಗಿದ್ದ ಫೈಲ್ ಯಾವುದು ಗೊತ್ತೇ? ಹಣದ ವಿಸ್ತರಣೆಗಳ ಪರವಾನಗಿ ಪರೀಕ್ಷಿಸುವ ಫೈಲ್. ಗಿರಾಕಿಯನ್ನು ಅನುಮಾನಿಸಲು ಇಟ್ಟ ಕಾವಲುಗಾರನ ಅಂಗಿಯನ್ನೇ ಕಳ್ಳ ತೊಟ್ಟುಕೊಂಡಿದ್ದ. ಇದನ್ನು ಮೊದಲ ಸಲ ಓದಿದಾಗ ನನಗೆ ನೆಹರು ಗಂಜ್‌ನ ಆ ‘ಸಿಂಧು’ ಎಂಬ ಸಾಲು ಇನ್ನೂ ಎದುರಾಗಿರಲಿಲ್ಲ. ಈಗ ಎರಡೂ ಒಟ್ಟಿಗೆ ನೆನಪಾಗುತ್ತವೆ.

2025ರ ಜುಲೈ ಎರಡನೇ ವಾರದ ಗ್ರಾವಿಟಿ ಫಾರ್ಮ್ಸ್ ಪ್ರಕರಣವನ್ನು ಇವುಗಳ ಪಕ್ಕದಲ್ಲಿಟ್ಟು ನೋಡಬೇಕು. ಫಾರ್ಮ್ ಮಾಡಲು ಲಕ್ಷಾಂತರ ತಾಣಗಳು ಬಳಸುವ, ಹಣಕ್ಕೆ ಮಾತ್ರ ಸಿಗುವ ಪ್ಲಗಿನ್ ಅದು. ಕಂಪನಿಯ ಖಾತೆಗೆ ಹೋಗಿ ಕೈಯಾರೆ ಇಳಿಸಿಕೊಳ್ಳುವ 2.9.11.1 ಮತ್ತು 2.9.12 ಆವೃತ್ತಿಗಳ ಜಿಪ್‌ನಲ್ಲಿ ಕಳ್ಳ ಕೋಡ್ ಸಿಕ್ಕಿತು. ಅದು ಹೊಸ ಅಡ್ಮಿನ್ ಖಾತೆ ತೆರೆಯುತ್ತಿತ್ತು, ಜೊತೆಗೆ ಮುಂದಿನ ಅಪ್‌ಡೇಟ್ ಬಾರದಂತೆ ತಡೆಯುತ್ತಿತ್ತು. ಔಷಧ ಬರುವ ದಾರಿಯನ್ನೇ ಮೊದಲು ಮುಚ್ಚುವ ರೋಗ. ಆದರೆ ಲೈಸನ್ಸ್ ಕೀ ಪರಿಶೀಲಿಸಿ ಡ್ಯಾಶ್‌ಬೋರ್ಡ್ ಮೂಲಕ ಸ್ವಯಂಚಾಲಿತ ಅಪ್‌ಡೇಟ್ ಕೊಡುವ ಸೇವೆಗೆ ಏನೂ ಆಗಿರಲಿಲ್ಲ ಎಂದು ಕಂಪನಿ ತಿಳಿಸಿತು. ಎರಡು ದಾರಿಗಳನ್ನು ಬೇರೆ ಬೇರೆ ಇಟ್ಟಿದ್ದರಿಂದ ದೊಡ್ಡ ಸಂಖ್ಯೆಯ ತಾಣಗಳು ಉಳಿದವು. ದೃಢೀಕರಿಸಿದ ದಾರಿಯನ್ನು ಚೆನ್ನಾಗಿ ಕಟ್ಟಿದರೆ ಅದು ಗಿರಾಕಿಯನ್ನೂ ಕಾಯಬಲ್ಲದು ಎಂಬುದಕ್ಕೆ ನಾನು ಈ ಪ್ರಕರಣವನ್ನೇ ತೋರಿಸುತ್ತೇನೆ. ‘ಜಿಪ್ ಇಳಿಸಿಕೊಂಡು ಕೈಯಿಂದ ಹಾಕಿದರೆ ಸುರಕ್ಷಿತ’ ಎಂದು ನಂಬಿರುವ ನಮ್ಮ ಭಾಗದ ಹಲವು ಹುಡುಗರು ಇದನ್ನು ಗಮನಿಸಬೇಕು.

ಹಾಗಾದರೆ ಸರಕಿನ ಗುರುತು ಹೇಗೆ? ಟೆಂಡರ್ ಹಾಕುವ ಕಲಬುರಗಿಯ ಯಾವ ಗುತ್ತಿಗೆದಾರರನ್ನು ಕೇಳಿದರೂ ಗೊತ್ತು. ಅವರ ಬ್ಯಾಗಿನಲ್ಲಿ ಡಿಎಸ್‌ಸಿ (ಡಿಜಿಟಲ್ ಸಹಿಯ ಪ್ರಮಾಣಪತ್ರ) ಎಂಬ ಪುಟ್ಟ ಯುಎಸ್‌ಬಿ ಸಾಧನ ಇರುತ್ತದೆ. ಅದರೊಳಗಿನ ಖಾಸಗಿ ಕೀಲಿಯಿಂದ ದಾಖಲೆಗೆ ಸಹಿ ಬೀಳುತ್ತದೆ. ಕೀಲಿ ಯಾರಿಗೂ ಕಾಣದು, ಸಹಿಯನ್ನು ಮಾತ್ರ ಯಾರು ಬೇಕಾದರೂ ಸಾರ್ವಜನಿಕ ಕೀಲಿಯಿಂದ ತಾಳೆ ನೋಡಬಹುದು. ದಾಖಲೆಯಲ್ಲಿ ಒಂದು ಅಂಕಿ ಬದಲಾದರೂ ಸಹಿ ಕೂಡುವುದಿಲ್ಲ. ಪ್ಲಗಿನ್‌ನ ಜಿಪ್ ಫೈಲ್‌ಗೂ ಇದೇ ರೀತಿ ಸಹಿ ಹಾಕಬಹುದು. ಕಂಪನಿಯ ಸಾರ್ವಜನಿಕ ಕೀಲಿ ಪ್ಲಗಿನ್‌ನ ಹಳೆಯ ಪ್ರತಿಯೊಳಗೇ ಇರುತ್ತದೆ. ಹೊಸ ಪ್ರತಿ ಬಂದಾಗ ಬಿಚ್ಚುವ ಮೊದಲು ತಾಳೆ ನೋಡುತ್ತದೆ. ಖಾಸಗಿ ಕೀಲಿಯನ್ನು ಇಂಟರ್‌ನೆಟ್‌ಗೆ ಸೇರದ ಬೇರೆ ಯಂತ್ರದಲ್ಲಿ ಇಟ್ಟರೆ, ಸರ್ವರ್‌ಗೆ ಕನ್ನ ಬಿದ್ದರೂ ಕಳ್ಳ ಸಹಿ ಹಾಕಲಾರ. ಆ್ಯಕ್ಸೆಸ್‌ಪ್ರೆಸ್‌ನಂಥ ಕನ್ನ ಗಿರಾಕಿಯ ಹೊಸ್ತಿಲಲ್ಲೇ ನಿಲ್ಲುತ್ತಿತ್ತು.

ಇದಕ್ಕೆ ಬೇಕಾದ ಸಾಮಗ್ರಿ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಸಹಿ ತಾಳೆ ನೋಡುವ ಸೋಡಿಯಂ ಗ್ರಂಥಾಲಯ 2017ರ ಕೊನೆಯಲ್ಲಿ ಬಂದ ಪಿಎಚ್‌ಪಿ 7.2ರಲ್ಲೇ ಸೇರಿದೆ. 2019ರ ಮೇನಲ್ಲಿ ಬಂದ ವರ್ಡ್‌ಪ್ರೆಸ್ 5.2 ಹಳೆಯ ಪಿಎಚ್‌ಪಿಗೂ ನಡೆಯುವ ಅದರ ರೂಪವನ್ನು ಒಳಗೇ ತಂದಿತು, ವರ್ಡ್‌ಪ್ರೆಸ್‌ನ ಸ್ವಂತ ಅಪ್‌ಡೇಟ್‌ಗಳ ಸಹಿ ನೋಡುವ ಏರ್ಪಾಡನ್ನೂ ತಂದಿತು. ಆದರೆ ಆಗ ಸಹಿ ಕೂಡದಿದ್ದರೂ ಅಳವಡಿಕೆ ನಿಲ್ಲುತ್ತಿರಲಿಲ್ಲ, ಎಚ್ಚರಿಕೆ ದಾಖಲಾಗುತ್ತಿತ್ತು. ಪ್ಲಗಿನ್‌ಗಳಿಗೆ ಅದು ಕಡ್ಡಾಯವೂ ಆಗಲಿಲ್ಲ. ಮುಂದಕ್ಕಿಟ್ಟ ಹೆಜ್ಜೆ ಅರ್ಧದಲ್ಲಿ ನಿಂತದ್ದು ನನಗೆ ಬೇಸರ ತರಿಸುತ್ತದೆ.

ವರ್ಡ್‌ಪ್ರೆಸ್‌ನಂತೆಯೇ ತಾಣ ಕಟ್ಟುವ ಇನ್ನೊಂದು ತಂತ್ರಾಂಶ ಜೂಮ್ಲಾ ಈ ವಿಷಯದಲ್ಲಿ ಹೆಚ್ಚು ಶಿಸ್ತು ತೋರಿಸಿದೆ. ಹಣದ ವಿಸ್ತರಣೆಗಳ ಡೌನ್‌ಲೋಡ್ ಕೀ ಬರೆಯಲು 2021ರ ಆಗಸ್ಟ್‌ನಲ್ಲಿ ಬಂದ ಜೂಮ್ಲಾ 4 ತಂತ್ರಾಂಶದೊಳಗೇ ಒಂದು ಜಾಗ ಮಾಡಿಕೊಟ್ಟಿತು. ಪ್ರತಿ ಕಂಪನಿಯೂ ತನ್ನದೇ ಪೆಟ್ಟಿಗೆ ಹೊಲಿಯಬೇಕಾಗಿಲ್ಲ. 2024ರ ಏಪ್ರಿಲ್‌ನ 5.1ರಲ್ಲಿ ಜೂಮ್ಲಾ ತನ್ನ ಮೂಲ ಅಪ್‌ಡೇಟ್‌ಗಳಿಗೆ ಟಫ್ ಎಂಬ ಚೌಕಟ್ಟನ್ನು ಅಳವಡಿಸಿಕೊಂಡಿತು. ಅದರಲ್ಲಿ ಫೈಲ್‌ನ ಜೊತೆಗೆ ಆವೃತ್ತಿಗಳ ಪಟ್ಟಿಗೂ ಸಹಿ ಇರುತ್ತದೆ, ಆ ಸಹಿಗೆ ಅವಧಿಯೂ ಇರುತ್ತದೆ. ಏಕೆ ಬೇಕು ಎಂದರೆ, ಸರಿಯಾದ ಸಹಿ ಇರುವ ಆದರೆ ತೂತು ಇರುವ ಹಳೆಯ ಆವೃತ್ತಿಯನ್ನೇ ಹೊಸದೆಂದು ಕೊಡುವ ಮೋಸವೊಂದಿದೆ. ಮುದ್ರೆ ಅಸಲಿ, ಮಾಲು ಹಳಸಿದ್ದು.

ಸಹಿಯೇ ಸರ್ವಸ್ವವೆಂದು ನಾನು ಹೇಳುವುದಿಲ್ಲ. ಸೋಲಾರ್‌ವಿಂಡ್ಸ್ ಎಂಬ ಅಮೆರಿಕದ ತಂತ್ರಾಂಶ ಕಂಪನಿಯ ಮೇಲೆ ನಡೆದು 2020ರಲ್ಲಿ ಬೆಳಕಿಗೆ ಬಂದ ದಾಳಿಯಲ್ಲಿ ಕಳ್ಳ ಕೋಡ್ ಸಹಿಗೂ ಮುಂಚೆಯೇ ಒಳಗೆ ಸೇರಿತ್ತು. ಸುಮಾರು 18,000 ಗ್ರಾಹಕರು ಅಸಲಿ ಸಹಿಯ ಅಪ್‌ಡೇಟ್ ಆಗಿಯೇ ಅದನ್ನು ಇಳಿಸಿಕೊಂಡಿದ್ದರು. ಆದರೂ ಬಾಗಿಲಿಗೆ ಬೀಗವೇ ಇಲ್ಲದ ಮನೆಯಲ್ಲಿ ಕೂತು ಗೋಡೆ ಕೊರೆಯುವ ಕಳ್ಳನ ಬಗ್ಗೆ ಚರ್ಚಿಸುವುದು ಸರಿಯಲ್ಲ.

ದಾರಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯೂ ಇದೆ. ಹಣದ ಪ್ಲಗಿನ್‌ನ ಫೋಲ್ಡರ್ ಹೆಸರೇ ಇರುವ ಉಚಿತ ಪ್ಲಗಿನ್ ಭಂಡಾರದಲ್ಲಿದ್ದರೆ, ಮೊದಲೆಲ್ಲ ಆ ಅಪರಿಚಿತ ಪ್ಲಗಿನ್ ಬಂದು ಹಣದ್ದನ್ನು ಅಳಿಸಿ ಕೂರುವ ಅಪಾಯವಿತ್ತು. 2021ರ ಜುಲೈನ ವರ್ಡ್‌ಪ್ರೆಸ್ 5.8 ‘ಅಪ್‌ಡೇಟ್ ಯುಆರ್‌ಐ’ ಎಂಬ ಒಂದು ಸಾಲಿನಿಂದ ಇದನ್ನು ಬಗೆಹರಿಸಿತು. ‘ನನ್ನ ಅಪ್‌ಡೇಟ್ ಇಂಥ ವಿಳಾಸದಿಂದಲೇ ಬರಬೇಕು’ ಎಂದು ಪ್ಲಗಿನ್ ತನ್ನ ತಲೆಬರಹದಲ್ಲೇ ಬರೆದುಕೊಳ್ಳಬಹುದು. 2024ರ ಅಕ್ಟೋಬರ್‌ನಲ್ಲಿ ವರ್ಡ್‌ಪ್ರೆಸ್ ತಾಣಗಳಿಗೆ ಸರ್ವರ್ ಒದಗಿಸುವ ಡಬ್ಲ್ಯುಪಿ ಎಂಜಿನ್ ಕಂಪನಿಯೊಂದಿಗಿನ ಜಗಳದ ನಡುವೆ ವರ್ಡ್‌ಪ್ರೆಸ್ ಡಾಟ್ ಆರ್ಗ್ ಆ ಕಂಪನಿಯ ಎಸಿಎಫ್ ಪ್ಲಗಿನ್‌ನ ಉಚಿತ ಆವೃತ್ತಿಯ ಜಾಗವನ್ನು ವಹಿಸಿಕೊಂಡು, ಬೇರೆ ಹೆಸರಿಟ್ಟು ಹಂಚಿತು. ಸ್ವಯಂಚಾಲಿತ ಅಪ್‌ಡೇಟ್ ಇಟ್ಟಿದ್ದ ತಾಣಗಳಲ್ಲಿ ಬೇರೆಯವರ ಕೋಡ್ ತಾನಾಗಿ ಬಂದು ಕುಳಿತಿತು. ಹಣ ಕೊಟ್ಟ ಪ್ರೊ ಆವೃತ್ತಿಯವರಿಗೆ ಕಂಪನಿಯ ಸ್ವಂತ ಸರ್ವರ್‌ನಿಂದಲೇ ಅಪ್‌ಡೇಟ್ ಬರುತ್ತಿದ್ದುದರಿಂದ ಅವರಿಗೆ ಏನೂ ಆಗಲಿಲ್ಲ. ಭಂಡಾರ ಶುದ್ಧವಾಗಿತ್ತು ಎಂದು ಮೇಲೆ ಹೇಳಿದೆ, ಇಲ್ಲಿ ಅದೇ ಭಂಡಾರ ವಿವಾದಕ್ಕೆ ಸಿಕ್ಕಿತು. ಸಹಿಯ ಅಗತ್ಯ ಎರಡೂ ಕಡೆಯಿಂದ ಕಾಣುತ್ತದೆ: ಯಾವ ದಾರಿಯಲ್ಲಿ ಬಂದರೂ ಬರೆದವರು ಯಾರೆಂದು ಸರಕೇ ಹೇಳುವಂತಿರಬೇಕು.

ಈಗ ನನಗೆ ಅತಿ ಮುಖ್ಯವೆನಿಸುವ ಮಾತು. ಅವಧಿ ಮುಗಿದವನಿಗೆ ಹೊಸ ಸೌಲಭ್ಯ ಕೊಡದಿರುವುದು ನ್ಯಾಯ. ಸುರಕ್ಷತೆಯ ತಿದ್ದುಪಡಿಯನ್ನೂ ಕೊಡದಿರುವುದು ಅನ್ಯಾಯ. 2014ರಲ್ಲಿ ಸ್ಲೈಡರ್ ರೆವಲ್ಯೂಷನ್ ಎಂಬ ಹಣದ ಪ್ಲಗಿನ್‌ನಲ್ಲಿ ದೊಡ್ಡ ತೂತಿತ್ತು. ಮಾಡಿದವರು ಫೆಬ್ರುವರಿಯಲ್ಲೇ ಸರಿಪಡಿಸಿದ್ದರು. ಆದರೆ ಥೀಮ್‌ಗಳ ಜೊತೆ ಕಟ್ಟಿಕೊಂಡು ಬಂದಿದ್ದ ಪ್ರತಿಗಳಿಗೆ ಸ್ವಂತ ಕೀ ಇರಲಿಲ್ಲ, ಅವುಗಳಿಗೆ ತಾನಾಗಿ ಅಪ್‌ಡೇಟ್ ತಲುಪಲಿಲ್ಲ. ತಮ್ಮ ತಾಣದಲ್ಲಿ ಆ ಪ್ಲಗಿನ್ ಇದೆಯೆಂದೇ ಅನೇಕರಿಗೆ ಗೊತ್ತಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಸೋಕ್‌ಸೋಕ್ ದಾಳಿ ಎದ್ದಾಗ ಗೂಗಲ್ 11,000ಕ್ಕೂ ಹೆಚ್ಚು ತಾಣಗಳನ್ನು ಅಪಾಯಕಾರಿ ಪಟ್ಟಿಗೆ ಹಾಕಿತು. 2023ರ ಮಾರ್ಚ್ 22ರಂದು ಪುಟ ವಿನ್ಯಾಸಕ್ಕೆ ಬಳಸುವ ಹಣದ ಪ್ಲಗಿನ್ ಎಲಿಮೆಂಟರ್ ಪ್ರೊದ 3.11.7 ಆವೃತ್ತಿ ಬಂತು, ಸಾಮಾನ್ಯ ಖಾತೆಯವನೂ ಅಂಗಡಿ ತಾಣದ ಒಡೆಯನಾಗಬಹುದಾಗಿದ್ದ ತೂತನ್ನು ಅದು ಮುಚ್ಚಿತ್ತು. ತಿಂಗಳು ಮುಗಿಯುವುದರೊಳಗೆ ದಾಳಿಗಳು ಆರಂಭವಾಗಿದ್ದವು. ಕೀ ಮುಗಿದಿದ್ದವರಿಗೆ ಆ ವಾರದಲ್ಲಿ ಕಂಡದ್ದು ಹಳದಿ ಪಟ್ಟಿ ಮಾತ್ರ.

ಮಾರುವವರ ಕಷ್ಟವೂ ನನಗೆ ಗೊತ್ತು. ಮೂರು ನಾಲ್ಕು ಜನರ ಸಣ್ಣ ಕಂಪನಿಗಳು ನವೀಕರಣದ ಹಣದಲ್ಲೇ ಬದುಕುತ್ತವೆ. ಪ್ರತಿ ಹಳೆಯ ಆವೃತ್ತಿಗೂ ಬೇರೆ ಬೇರೆ ತಿದ್ದುಪಡಿ ಬರೆದು ಕೊಡಿ ಎಂದರೆ ಅದು ನಿಜವಾದ ದುಡಿಮೆ. ಆದರೆ ಗಂಭೀರವಾದ ತೂತು ಮುಚ್ಚುವ ಆ ಒಂದು ಆವೃತ್ತಿಯನ್ನು ಮಾತ್ರ, ಅವಧಿ ಮುಗಿದಿದ್ದರೂ, ತನ್ನ ದಾಖಲೆಯಲ್ಲಿರುವ ಎಲ್ಲ ಕೀಗಳಿಗೂ ಬಿಟ್ಟುಕೊಡಲು ಸರ್ವರ್‌ನಲ್ಲಿ ಬೇಕಾಗುವುದು ಒಂದು ಷರತ್ತು. ಅದನ್ನೂ ಮಾಡಲಾಗದಿದ್ದರೆ, ಕನಿಷ್ಠ ಹಳದಿ ಪಟ್ಟಿಯಲ್ಲಿ ಇದು ಬಣ್ಣ ಬದಲಿಸುವ ಅಪ್‌ಡೇಟ್ ಅಲ್ಲ, ಕಳ್ಳನನ್ನು ತಡೆಯುವ ಅಪ್‌ಡೇಟ್ ಎಂದು ಸ್ಪಷ್ಟವಾಗಿ ಬರೆಯಲಿ. ‘ಸ್ವಯಂಚಾಲಿತ ಅಪ್‌ಡೇಟ್ ಲಭ್ಯವಿಲ್ಲ’ ಎಂಬ ಮಾತು ಓದಿದವನಿಗೆ ಬೆಂಕಿ ಬಿದ್ದಿದೆ ಎಂದು ತಿಳಿಯುವುದಾದರೂ ಹೇಗೆ?

ಅವಧಿ ಮುಗಿಯುವುದು ಯಾವಾಗಲೂ ಜಿಪುಣತನದಿಂದಲೂ ಅಲ್ಲ. ಬೀದರ್‌ನಲ್ಲಿ ಬಿದರಿ ಹೂಜಿ, ಕೈಬಳೆಗಳನ್ನು ಮಾರುವ ಅಂಗಡಿಯೊಂದರ ತಾಣ ನೋಡಿಕೊಳ್ಳುತ್ತೇನೆ. ಅವರ ಕಾರ್ಡಿನಿಂದ ಪ್ರತಿ ವರ್ಷ ತಾನಾಗಿ ಹಣ ಹೋಗುತ್ತಿತ್ತು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂತು: ತಾನಾಗಿ ಹೋಗುವ ಪಾವತಿಗಳಿಗೆ ಮುಂಚಿತವಾಗಿ ಸೂಚನೆ, ನೋಂದಣಿ, ನಿಗದಿತ ಮೊತ್ತ ಮೀರಿದರೆ ಪ್ರತಿ ಸಲ ಒಟಿಪಿ. ಮಿತಿ ಆಗ 5,000 ರೂಪಾಯಿ, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಗ್ರಾಹಕರ ರಕ್ಷಣೆಗೆ ಅದು ಒಳ್ಳೆಯ ನಿಯಮ, ನನಗೆ ಅದರ ಮೇಲೆ ದೂರಿಲ್ಲ. ಆದರೆ ಪ್ಲಗಿನ್ ಮಾರುವ ಹೊರದೇಶದ ಸಣ್ಣ ಕಂಪನಿಗೆ ಈ ಏರ್ಪಾಡು ಇರಲಿಲ್ಲ. ಪಾವತಿ ವಿಫಲವಾಯಿತು, ಇಂಗ್ಲಿಷ್‌ನಲ್ಲಿ ಬಂದ ಮಿಂಚಂಚೆ ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಬಿತ್ತು, ಕೀ ಸತ್ತಿತು. ಕಟ್ಟಲು ಸಿದ್ಧವಿದ್ದ ಪ್ರಾಮಾಣಿಕ ಗಿರಾಕಿ ತಿಂಗಳುಗಟ್ಟಲೆ ಅಪ್‌ಡೇಟ್ ಇಲ್ಲದೆ ಉಳಿದರು.

ಇದರ ಹೊಣೆ ಕೊನೆಗೆ ತಾಣದ ಮಾಲೀಕರ ಮೇಲೇ ಬೀಳುತ್ತದೆ. ತಾಣಕ್ಕೆ ಕನ್ನ ಬಿದ್ದದ್ದು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸುರಕ್ಷತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ಪ್ರವೇಶದ ಅರ್ಜಿ ತುಂಬಿಸಿಕೊಳ್ಳುವ ಕಾಲೇಜು, ರೋಗಿಗಳ ಫೋನ್ ನಂಬರ್ ಇಟ್ಟುಕೊಳ್ಳುವ ಆಸ್ಪತ್ರೆ, ಇವರೆಲ್ಲ ಪ್ಲಗಿನ್‌ನ ಕೀ ಯಾರ ಹೆಸರಿನಲ್ಲಿದೆ ಎಂದು ಇವತ್ತೇ ವಿಚಾರಿಸಬೇಕು. ನೋಡಿಕೊಳ್ಳುವ ಹುಡುಗನ ಹೆಸರಿನಲ್ಲಿದ್ದರೆ, ಆತ ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋದ ದಿನ ಕೀ ಕೂಡ ಅವನೊಂದಿಗೆ ಬಸ್ಸು ಹತ್ತುತ್ತದೆ. ಖರೀದಿ ಸಂಸ್ಥೆಯ ಹೆಸರಿನಲ್ಲಿರಲಿ, ರಸೀದಿ ಸಂಸ್ಥೆಯ ಮಿಂಚಂಚೆಗೇ ಬರಲಿ. ತಾಣಕ್ಕೆ ಡೊಮೇನ್ ಬದಲಾದರೆ ಹಳೆಯದರಲ್ಲಿ ಕೀ ಬಿಡಿಸಿ ಹೊಸದರಲ್ಲಿ ಹಾಕಬೇಕು; ಇಲ್ಲವಾದರೆ ಸರ್ವರ್‌ನ ಲೆಕ್ಕದಲ್ಲಿ ಅದು ಎರಡನೆಯ ತಾಣ.

ನೆಹರು ಗಂಜ್‌ನ ತಾಣವನ್ನು ತೊಳೆದು ಎತ್ತಿ ನಿಲ್ಲಿಸಲು ಎರಡು ದಿನ ಬೇಕಾಯಿತು. ನಲ್ಡ್ ಪ್ರತಿಯನ್ನು ಬೇರುಸಹಿತ ತೆಗೆದು, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಸಾಹುಕಾರರ ಕಾರ್ಡಿನಿಂದ ಅವರದೇ ಹೆಸರಿಗೆ ಪ್ಲಗಿನ್ ಕೊಂಡೆವು. ಒಟಿಪಿಯನ್ನು ಅವರೇ ಓದಿ ಹೇಳಿದರು. ಹೊಸ ಕೀ ಹಾಕಿದ ಮೇಲೆ ಹಳದಿ ಪಟ್ಟಿ ಬಂತು, ಈ ಸಲ ಅದರಲ್ಲಿ ‘ಈಗ ಅಪ್‌ಡೇಟ್ ಮಾಡಿ’ ಎಂಬ ಕೊಂಡಿ ಇತ್ತು. ಒತ್ತಲು ಮಗನಿಗೇ ಹೇಳಿದೆ.

ಆ ಹೊತ್ತಿಗೆ ಸಾಹುಕಾರರು ಮತ್ತೊಂದು ಪ್ರಶ್ನೆ ಕೇಳಿದರು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಿದೆ, ಚೀಲದ ಮೇಲಿನ ಗುರುತು ನೋಡಿ ಗಿರಾಕಿ ಕೊಳ್ಳುತ್ತಾನೆ. “ಹಾಗೆಯೇ ಇದರ ಮೇಲೂ ಒಂದು ಗುರುತು ಇರುತ್ತದೆಯೇ ತಮ್ಮಾ, ನಾನೇ ನೋಡಿ ತಿಳಿಯುವಂಥದ್ದು?” ಸದ್ಯಕ್ಕೆ ಇಲ್ಲ ಸಾಹುಕಾರರೇ ಎಂದೆ. ಅವರು ಏನೂ ಹೇಳಲಿಲ್ಲ. ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ, ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸುವ ತಾರೀಖಿನ ಕೆಳಗೆ ಪ್ಲಗಿನ್‌ನ ಹೆಸರನ್ನು ತಮ್ಮ ಅಕ್ಷರದಲ್ಲಿ ಬರೆದುಕೊಂಡರು.